ಕುಂಕುಮವಿಟ್ಟ ಬ್ಯಾಕಪ್

ಆಸ್ಪತ್ರೆಯ ಲಿನಕ್ಸ್ ಸರ್ವರಿನಲ್ಲಿ ರೋಗಿಗಳ ವಿವರಗಳನ್ನೆಲ್ಲ ಹೊತ್ತಿದ್ದ ಡೇಟಾಬೇಸಿಗೆ ಅಂದು ಹೊಸ ಆವೃತ್ತಿ ಹಾಕುವವರಿದ್ದರು. ಅದು ತನ್ನ ನಕಲನ್ನು ಕಾಪಿಡುವ ಪಕ್ಕದ ಬ್ಯಾಕಪ್ ಡಿಸ್ಕನ್ನು ಕೇಳಿತು: "ಅಣ್ಣಾ, ನಾನು ಕೆಟ್ಟುಹೋದರೆ ನೀನು ನನ್ನನ್ನು ಮತ್ತೆ ಎಬ್ಬಿಸುತ್ತೀಯಲ್ಲವೇ?"

"ಗೊತ್ತಿಲ್ಲ ತಮ್ಮಾ," ಎಂದಿತು ಕುಂಕುಮ ಮೆತ್ತಿಕೊಂಡಿದ್ದ ಡಿಸ್ಕ್. "ಪ್ರತಿ ಆಯುಧಪೂಜೆಗೂ ನನಗೆ ಹೂವೇರಿಸಿ ಆರತಿ ಎತ್ತುತ್ತಾರೆ. ಆದರೆ ನನ್ನೊಳಗಿರುವುದನ್ನು ಹೊರತೆಗೆದು, ಸರಿಯಿದೆಯೇ ಎಂದು ಒಬ್ಬರೂ ನೋಡಿಲ್ಲ. ಒಳಗೆ ಏನು ಉಳಿದಿದೆಯೋ, ನನಗೇ ಭಯ."

"ಹಾಗಾದರೆ ಕೂಗಿ ಹೇಳು!"

"ನಮ್ಮ ಕೂಗು ಅವರಿಗೆ ಕೇಳಿಸುವುದು ಎಲ್ಲ ಕೆಟ್ಟ ಮೇಲೆಯೇ."

ಅಷ್ಟರಲ್ಲಿ ಸರ್ವರಿನ ಉಸ್ತುವಾರಿ ವಸುಪಾಲ ಒಳಗೆ ಬಂದ. ಡಿಸ್ಕಿಗೆ ಭಕ್ತಿಯಿಂದ ಕೈಮುಗಿದು, "ಬ್ಯಾಕಪ್ ಇದೆಯಲ್ಲ, ಇನ್ನೇನು ಭಯ?" ಎನ್ನುತ್ತ ಹೊಸ ಆವೃತ್ತಿ ಹಾಕಲು ಎಂಟರ್ ಒತ್ತಿದ.