ಹೊಲಿಗೆಯಿಲ್ಲದ ಮೋಡ

“ಗುರುಗಳೇ, ಯಾರ ಕಣ್ಣಿಗೂ ಬೀಳದ ಕಡೆ ತಪ್ಪಿದ್ದರೆ, ಅದನ್ನು ತಪ್ಪು ಎನ್ನಬಹುದೇ?” ಎಂದು ಓಂಕಾರ ಕೇಳಿದ.

ಅವನು ಇಂದುಧರ ಮೇಷ್ಟ್ರ ಬಳಿ ಕಂಪ್ಯೂಟರಿನಲ್ಲಿ ಚಿತ್ರ ಮಾಡುವುದನ್ನು ಕಲಿಯುತ್ತಿದ್ದ. ಆ ವಾರ ಭೂಮಿಯ ಗೋಳ ಮಾಡಿ, ಅದಕ್ಕೆ ಮೋಡ ಹೊದಿಸಿ ತಂದಿದ್ದ. ಪರದೆಯ ಮೇಲೆ ಗೋಳ ಚೆನ್ನಾಗಿಯೇ ಕಾಣುತ್ತಿತ್ತು. ಮೇಷ್ಟ್ರು ಕನ್ನಡಕದ ಮೇಲಿಂದ ಅವನನ್ನು ನೋಡಿದರು.

“ಓಹೋ, ವೇದಾಂತ! ಕುಳಿತುಕೋ. ಒಂದು ಕತೆ ಹೇಳುತ್ತೇನೆ. ಮುಗಿಯುವವರೆಗೆ ನಡುವೆ ಬಾಯಿ ಹಾಕಬೇಡ,” ಎಂದು ಶುರುಮಾಡಿದರು.

ಒಂದು ಊರಿನಲ್ಲಿ ಒಬ್ಬ ಚಿತ್ರಗಾರ್ತಿ ಇದ್ದಳು. ಫ್ಲೆಕ್ಸ್ ಅಂಗಡಿಯಲ್ಲಿ ಕೆಲಸ. ಹುಟ್ಟುಹಬ್ಬದ ಶುಭಾಶಯವಿರಲಿ, ಗೆದ್ದವರಿಗೆ ಅಭಿನಂದನೆಯಿರಲಿ, ಮುಖದ ಹಿಂದೆ ನೀಲಿ ಆಕಾಶ, ಬಿಳಿ ಮೋಡ ಬೇಕೇ ಬೇಕು. ಆ ಮೋಡವೆಲ್ಲ ಅವಳದು. ಅದರ ಮುಂದೆ ಕೈಮುಗಿದು ಹಲ್ಲು ಕಿರಿದವರ ಹೆಸರು ದೊಡ್ಡಕ್ಷರದಲ್ಲಿ ಇರುತ್ತಿತ್ತು. ಇವಳ ಹೆಸರು? ಯಾವ ಸರ್ಕಲ್ಲಿನಲ್ಲಿಯೂ ಇಲ್ಲ. ಅದು ಅವಳ ಹೊಟ್ಟೆ ಉರಿಸುತ್ತಿತ್ತು.

ಆ ಊರಿನಲ್ಲಿ ಒಂದು ತಾರಾಲಯ ಕಟ್ಟಿದರು. ಗುಮ್ಮಟದೊಳಗೆ ದೊಡ್ಡ ಭೂಮಿ ತೇಲಬೇಕು, ಅದರ ಸುತ್ತ ಮೋಡ ಇರಬೇಕು. ಅಲ್ಲಿನ ನಿರ್ದೇಶಕರು ಆ ಕೆಲಸವನ್ನು ಇವಳಿಗೆ ಒಪ್ಪಿಸಿದರು. ಚೆನ್ನಾಗಿ ಬಂದರೆ ಪ್ರದರ್ಶನದ ಕೊನೆಗೆ ಗುಮ್ಮಟದ ತುಂಬ ನಿನ್ನ ಹೆಸರು ಎಂದರು. ಅವಳಿಗೆ ಸ್ವರ್ಗಕ್ಕೆ ಮೂರೇ ಗೇಣು.

ಮಾಡಿದ್ದೇನು ಗೊತ್ತೇ? ರೂಢಿ ಬಿಡುತ್ತದೆಯೇ! ಫ್ಲೆಕ್ಸಿಗೆ ಮಾಡುವ ಹಾಗೆಯೇ ಕಂಪ್ಯೂಟರಿನಲ್ಲಿ ಒಂದು ಅಗಲವಾದ ಹಾಳೆಯಷ್ಟು ಮೋಡ ಬರೆದಳು. ಅವಳ ಕೈಯಲ್ಲಿ ಅಷ್ಟು ಒಳ್ಳೆಯ ಮೋಡ ಹಿಂದೆಂದೂ ಬಂದಿರಲಿಲ್ಲ. ಅದನ್ನು ತಂದು ಗೋಳಕ್ಕೆ ಸುತ್ತಿದಳು. ಹಾಳೆಯ ಎಡ ಅಂಚು ಬಲ ಅಂಚಿಗೆ ಬಂದು ಸೇರಿದ ಕಡೆ, ಅರ್ಧ ಮೋಡ ಕತ್ತರಿಸಿದಂತೆ ನಿಂತುಹೋಗಿ, ಬಟ್ಟೆಯ ಹೊಲಿಗೆಯಂಥ ಗೆರೆ ಎದ್ದಿತು. ಉತ್ತರ ಧ್ರುವದಲ್ಲಿ ಮೋಡವೆಲ್ಲ ಮುದುಡಿ, ಮೂಟೆಯ ಬಾಯಿ ಕಟ್ಟಿದ ಹಾಗೆ ಗಂಟಾಯಿತು. ದಕ್ಷಿಣದಲ್ಲಿಯೂ ಅದೇ ಪಾಡು.

ಅವಳೇನು ದಡ್ಡಿಯಲ್ಲ. ಆ ಹೊಲಿಗೆಯನ್ನು ತಿರುಗಿಸಿ ತಿರುಗಿಸಿ ಶಾಂತಸಾಗರದ ನಡುಮಧ್ಯಕ್ಕೆ ತಂದಿಟ್ಟಳು. ಅಲ್ಲಿ ಯಾರ ಊರಿದೆ, ಯಾರು ನೋಡುತ್ತಾರೆ? ಎರಡೂ ಧ್ರುವಗಳ ಗಂಟಿನ ಮೇಲೆ ಬೆಳ್ಳಗೆ ತೇಪೆ ಹಾಕಿ, ಹಿಮ ಎಂದುಕೊಂಡಳು. ನಮ್ಮ ದೇಶ ಮುಂದೆ ಬರುವಂತೆ ಗೋಳ ನಿಲ್ಲಿಸಿ ನಿರ್ದೇಶಕರಿಗೆ ತೋರಿಸಿದಳು. ಅವರು ಭೇಷ್ ಎಂದರು.

ಆಮೇಲೆ ಅವರು, “ನೋಡಮ್ಮ, ಸಭಾಂಗಣದ ನಡುವೆ ಒಂದು ಚಕ್ರ ಇಡಿಸುತ್ತಿದ್ದೇನೆ. ಬಂದವರು ಭೂಮಿಯನ್ನು ತಮಗೆ ಬೇಕಾದ ಕಡೆ ತಾವೇ ತಿರುಗಿಸಬಹುದು,” ಎಂದರು.

ಅವಳು ಪರದೆಗೆ ಅಡ್ಡ ಬಂದಳು. “ಸಾರ್, ಮುಂಭಾಗ ಮಾತ್ರ ತೋರಿಸಿದರೆ ಸಾಲದೇ?”

“ಭೂಮಿಗೆ ಮುಂಭಾಗ ಯಾವುದಮ್ಮ?” ಎಂದವರೇ ಅವರು ಗೋಳವನ್ನು ತಿರುಗಿಸಿಬಿಟ್ಟರು. ಹೊಲಿಗೆ ಕಂಡಿತು. ತೇಪೆಯೂ ಕಂಡಿತು. ಅವರು ಕೂಗಾಡಲಿಲ್ಲ, ಪಾಪ. ಉದ್ಘಾಟನೆ ಭಾನುವಾರ, ಅಷ್ಟರಲ್ಲಿ ಸರಿಹೋಗದಿದ್ದರೆ ಬೇರೆ ಕಡೆಯಿಂದ ಸಿದ್ಧ ಭೂಮಿ ತರಿಸುತ್ತೇನೆ ಎಂದು ಹೇಳಿ ಎದ್ದುಹೋದರು.

ಅವಳು ತಿದ್ದಿದಳು. ಹೊಲಿಗೆಯ ಎರಡೂ ಬದಿಯನ್ನು ಮಸುಕುಮಾಡಿದರೆ, ಅಲ್ಲಿ ಒಂದು ಮಂಕು ಪಟ್ಟೆ ಬಿತ್ತು. ಧ್ರುವದ ಮೇಲೆ ಬೇರೆ ಮೋಡ ಕತ್ತರಿಸಿ ಅಂಟಿಸಿದರೆ, ಅದರ ಸುತ್ತ ದುಂಡಗೆ ಹೊಸ ಹೊಲಿಗೆ ಎದ್ದಿತು. ಒಂದನ್ನು ಮುಚ್ಚಿದರೆ ಇನ್ನೊಂದು. ಇನ್ನು ಜೀವಮಾನವಿಡೀ ಕಂಡವರ ತಲೆಯ ಹಿಂದೆ ಮೋಡ ಬರೆಯುವುದೇ ತನ್ನ ಹಣೆಬರಹ ಎಂದು ಅತ್ತಳು. ಹೌದು, ಮನೆಯಲ್ಲಿ ಕೂತು ಅತ್ತಳು. ನಗಬೇಡ, ಕೆಲಸ ಮಾಡುವವರು ಅಳುತ್ತಾರೆ.

ಅವಳ ತಾಯಿಗೆ ಅಳು ನೋಡಿ ಅಭ್ಯಾಸವಿಲ್ಲ. ಚಪಾತಿಗೆ ಹಿಟ್ಟು ಕಲಸು ಬಾ ಎಂದು ಒಳಗೆ ಕರೆದಳು. ಗೋಧಿ ಹಿಟ್ಟು ಸಾಲದೆ ಹೋಯಿತು. ಮಗಳು ಡಬ್ಬದ ತಳದಲ್ಲಿದ್ದ ರಾಗಿ ಹಿಟ್ಟನ್ನು ಬೇರೆಯಾಗಿ ಕಲಸಿ, ಅದಕ್ಕೇ ಸೇರಿಸಿ, ಮನಸ್ಸೆಲ್ಲೋ ಇಟ್ಟುಕೊಂಡು ಅರೆಬರೆ ನಾದಿದಳು. ತಾಯಿ ಬಂದು ನೋಡಿ ಹಣೆ ಚಚ್ಚಿಕೊಂಡಳು.

“ಏನೇ ಇದು, ಹಿಟ್ಟು ನಾದಿದ್ದೀಯೋ, ಬಣ್ಣ ಬಳಿದಿದ್ದೀಯೋ? ಮೈಯೆಲ್ಲ ಗೆರೆ!”

ಮಗಳು ಕೈಯಲ್ಲಿದ್ದ ಉಂಡೆಯನ್ನು ನೋಡಿದಳು. ಬಿಳಿ ಹಿಟ್ಟಿನಲ್ಲಿ ಕಂದು ಗೆರೆಗಳು ಮೋಡದಂತೆ ಹರಡಿದ್ದವು. ಉಂಡೆಯನ್ನು ತಿರುಗಿಸಿದಳು. ಮೇಲೆ ನೋಡಿದಳು, ಕೆಳಗೆ ನೋಡಿದಳು. ಎಲ್ಲಿಯೂ ಹೊಲಿಗೆಯಿಲ್ಲ, ಗಂಟಿಲ್ಲ. ಚಾಕು ತಂದು ದುಂಡಗೆ ಒಂದು ಪದರ ಹೆರೆದಳು. ಒಳಗೆ ಬೇರೆ ಗೆರೆಗಳು ಕಂಡವು, ಅಲ್ಲಿಯೂ ಹೊಲಿಗೆಯಿಲ್ಲ. ಹೇಗಿರುತ್ತದೆ? ಆ ಗೆರೆಯನ್ನು ಯಾರೂ ಹೊರಗಿನಿಂದ ಸುತ್ತಿರಲಿಲ್ಲವಲ್ಲ, ಅದು ಹಿಟ್ಟಿನ ಒಳಗೆಲ್ಲ ಇತ್ತು.

“ಅಮ್ಮಾ, ಸಿಕ್ಕಿತು!” ಎಂದು ಕಿರುಚಿ ಹಿಟ್ಟಿನ ಕೈಯಲ್ಲೇ ತಾಯಿಯನ್ನು ತಬ್ಬಿಕೊಂಡಳು. ತಾಯಿಯ ಸೀರೆ ಹಾಳಾಯಿತು.

ಅವಳು ತನ್ನ ಅಷ್ಟು ಒಳ್ಳೆಯ ಹಾಳೆಯನ್ನು ಅಳಿಸಿಹಾಕಿದಳು. ಕಂಪ್ಯೂಟರಿನಲ್ಲಿ ಒಂದು ಖಾಲಿ ಜಾಗ ತೆರೆದು, ಲೆಕ್ಕಾಚಾರದಿಂದ ಅದರ ಉದ್ದ, ಅಗಲ, ಆಳದ ತುಂಬ ಮೋಡ ನಾದಿದಳು. ಅದರ ನಡುವೆ ಗೋಳವನ್ನು ಇಟ್ಟಳು. ಗೋಳದ ಒಂದೊಂದು ಚುಕ್ಕೆಯೂ ತಾನಿದ್ದ ಜಾಗದಲ್ಲಿ ಎಷ್ಟು ಮೋಡ ಇದೆಯೋ ಅಷ್ಟನ್ನೇ ತೆಗೆದುಕೊಂಡಿತು. ಹಾಳೆಯೇ ಇಲ್ಲದ ಮೇಲೆ ಅಂಚು ಎಲ್ಲಿಂದ ಬರಬೇಕು? ಆಮೇಲೆ ಹಿಟ್ಟು ತಿರುವಿದ ಹಾಗೆ ಅಲ್ಲಲ್ಲಿ ಮೋಡ ತಿರುವಿ ಚಂಡಮಾರುತ ಎಬ್ಬಿಸಿದಳು. ಭೂಮಧ್ಯರೇಖೆಯ ಉತ್ತರಕ್ಕೆ ಒಂದು ದಿಕ್ಕಿನಲ್ಲಿ, ದಕ್ಷಿಣಕ್ಕೆ ಅದರ ಎದುರು ದಿಕ್ಕಿನಲ್ಲಿ, ನಿಜವಾದ ಭೂಮಿಯಲ್ಲಿ ಇರುವಂತೆಯೇ.

ಭಾನುವಾರ ತಾರಾಲಯ ತುಂಬಿಹೋಯಿತು. ಚಕ್ರದ ಮುಂದೆ ಮೊದಲು ಬಂದವರು ಒಬ್ಬ ನಿವೃತ್ತ ಭೂಗೋಳದ ಟೀಚರು. ಆಯಮ್ಮ ನಮ್ಮ ದೇಶದ ಕಡೆ ತಿರುಗಿಯೂ ನೋಡಲಿಲ್ಲ. ಜೀವನವಿಡೀ ಪಾಠ ಮಾಡಿ ಒಮ್ಮೆಯೂ ನೋಡದ ದಕ್ಷಿಣ ಧ್ರುವಕ್ಕೆ ಸೀದಾ ಹೋದರು. ನಿರ್ದೇಶಕರು ಚಿತ್ರಗಾರ್ತಿಯ ಕಡೆ ತಿರುಗಿದರು. ಚಿತ್ರಗಾರ್ತಿ ಸೊಂಟದ ಮೇಲೆ ಕೈಯಿಟ್ಟು ನಿಂತು, “ಇನ್ನೂ ತಿರುಗಿಸಿ ಮೇಡಂ! ತಲೆಕೆಳಗು ಮಾಡಿ! ಶಾಂತಸಾಗರ ನೋಡಿ!” ಎಂದು ಎಲ್ಲರಿಗೂ ಕೇಳುವಂತೆ ಕೂಗಿದಳು.

ಟೀಚರು ತಿರುಗಿಸಿದರು. ಸಾಗರದ ಮೇಲೆ ಮೋಡ ತಡೆಯಿಲ್ಲದೆ ಹರಿಯಿತು, ಧ್ರುವವನ್ನು ಬಳಸಿ ಆಚೆ ಬದಿಗೆ ಇಳಿಯಿತು. ಜನ ಎದ್ದು ನಿಂತು ಚಪ್ಪಾಳೆ ಹೊಡೆದರು. ಕೊನೆಗೆ ಗುಮ್ಮಟದ ಈ ತುದಿಯಿಂದ ಆ ತುದಿಯವರೆಗೆ ಅವಳ ಹೆಸರು ಬಂದಿತು. ಅವಳ ತಾಯಿ ಪಕ್ಕದವರನ್ನು ತಿವಿದು, “ಅದು ನಮ್ಮನೆ ಚಪಾತಿ ಹಿಟ್ಟು ಕಣ್ರೀ!” ಎಂದಳು. ಮಗಳು ಅಳುತ್ತಲೇ ನಕ್ಕಳು.

ಮೇಷ್ಟ್ರು ಕತೆ ನಿಲ್ಲಿಸಿ ನೀರು ಕುಡಿದರು.

ಓಂಕಾರನ ಮುಖ ಅರಳಿತ್ತು. “ಎಂಥ ಗೆಲುವು, ಗುರುಗಳೇ! ಆದರೆ ನನ್ನ ಪ್ರಶ್ನೆಗೆ ಉತ್ತರ?” ಎಂದ.

ಮೇಷ್ಟ್ರು ಕುರ್ಚಿಯನ್ನು ಅವನ ಪರದೆಯ ಹತ್ತಿರಕ್ಕೆ ಎಳೆದುಕೊಂಡರು.

“ಮೌಸ್ ಇತ್ತ ಕೊಡು, ನಿನ್ನ ಭೂಮಿಯನ್ನು ನಾನೊಮ್ಮೆ ತಿರುಗಿಸುತ್ತೇನೆ.”