ಮಾನಪ್ಪ ಹಾಕಿದ ಪಿಸ್ತೂಲಿನ ಹಿಡಿ

ಕಾಳವ್ವನಿಗೊಂದು ಅಭ್ಯಾಸ. ಮನೆಯಿಂದ ಹೊರಟವಳು ಹೊಸ್ತಿಲು ದಾಟಿ ನಾಲ್ಕು ಹೆಜ್ಜೆ ಹೋಗುತ್ತಾಳೆ, ತಿರುಗಿ ಬಂದು ಮಗನಿಗೆ ಒಂದು ಮಾತು ಹೇಳುತ್ತಾಳೆ. ಮತ್ತೆ ನಾಲ್ಕು ಹೆಜ್ಜೆ, ಮತ್ತೆ ತಿರುಗಿ ಬಂದು ಇನ್ನೊಂದು ಮಾತು. ಹೀಗೆ ಮೂರು ಸಲ ಆಗದೆ ಅವಳ ಕಾಲು ಮುಂದಕ್ಕೆ ಹೋಗವು. ಹೇಳದೆ ಹೋದರೆ ಮಗ ಏನು ಮಾಡುತ್ತಾನೋ ಎಂದು ಭಯ. ಹೇಳಿ ಹೋದರೆ ಹೇಳಿದ್ದನ್ನೇ ಮಾಡುತ್ತಾನಲ್ಲ ಎಂದು ಇನ್ನೂ ದೊಡ್ಡ ಭಯ.

ಮಗ ಮಾನಪ್ಪ ಬಡಿಗ. ಮೂವತ್ತು ತುಂಬಿದವನು. ಕೈ ಅವನಪ್ಪನದು, ತಲೆ ಯಾರದೋ, ಊರಿಗೆ ಇವತ್ತಿಗೂ ಗೊತ್ತಾಗಿಲ್ಲ. ಅವನು ಹಾಕಿದ ಕೊಡಲಿಯ ಕಾವು ಕೊಡಲಿ ಸವೆದರೂ ಅಲುಗದು. ಅದಕ್ಕೇ ಒಂದು ಬೆಳಿಗ್ಗೆ ಪೆಟ್ರೋಲ್ ಬಂಕಿನ ರುದ್ರಗೌಡರು ಟವೆಲಿನಲ್ಲಿ ಏನೋ ಸುತ್ತಿಕೊಂಡು ಬಂದರು. ಬಿಚ್ಚಿದರೆ ರಿವಾಲ್ವರ್! ಹೊಚ್ಚ ಹೊಸದು.

"ನೋಡೋ ಮಾನಪ್ಪ, ಇಷ್ಟು ರೊಕ್ಕಾ ಸುರದು ತಂದೀನಿ, ಹಿಡಿ ನೋಡು. ಈ ಕಡಿ ಹೋಳು ಮ್ಯಾಲ, ಆ ಕಡಿ ಹೋಳು ಕೆಳಗ. ನಡುವ ಉಗುರು ಹೋಗತೈತಿ. ಹಿಡದರ ಅಂಗೈ ಚಿವುಟತೈತಿ. ಕಾರ್ಖಾನ್ಯಾಗ ಕಣ್ಣು ಮುಚ್ಚಿ ಹಾಕ್ಯಾರ. ಹೊಸಾ ಹಿಡಿ ಮಾಡು. ಸಂಜೀಗೆ ಠಾಣೆಕ್ಕ ಒಯ್ದು ತೋರಸಬೇಕು."

ಕಾಳವ್ವ ಎರಡು ಹೆಜ್ಜೆ ಹಿಂದೆ ಸರಿದಳು. "ಗೌಡ್ರ, ಇದರಾಗ ಗುಂಡು?"

"ಎಲ್ಲಾ ತಗದೀನಿ ಯವ್ವಾ. ಕಿಸೇದಾಗ ಅದಾವ." ಗೌಡರು ಕಿಸೆ ತಟ್ಟಿದರು.

ಗೌಡರು ಹೋದರು. ಕಾಳವ್ವ ಜೋಳದ ಬುಟ್ಟಿ ಹೊತ್ತು ಗಿರಣಿಗೆ ಹೊರಟಳು. ನಾಲ್ಕು ಹೆಜ್ಜೆ ಹೋಗಿ ತಿರುಗಿ ಬಂದಳು.

"ಮಗನ, ಗೌಡರ ಕೈಗೆ ಸರಿಯಾಗಿ ಕೂಡಬೇಕು. ಮೊದಲ ಅವರ ಕೈ ಅಳತಿ ಮುಖ್ಯ!"

ಹೂಂ ಅಂದ ಮಾನಪ್ಪ. ರಿವಾಲ್ವರನ್ನು ಕಟ್ಟೆಯ ಮೇಲೆ ಇಟ್ಟ. ಒಂದು ಹೆಂಟೆ ಹಸಿ ಮಣ್ಣು ಹಿಡಿದು ಬಂಕಿಗೆ ನಡೆದ. ಗೌಡರು ಬುತ್ತಿ ಬಿಚ್ಚಿ ರೊಟ್ಟಿ ಮುರಿಯುತ್ತಿದ್ದರು. ಮಾನಪ್ಪ ಸೀದಾ ಹೋದವನೇ ಅವರ ಬಲಗೈಗೆ ಮಣ್ಣು ಮೆತ್ತಿ, "ಮುಟಗಿ ಹಿಡೀರಿ" ಅಂದ. ಗೌಡರು ಗಾಬರಿಗೆ ಹಿಡಿದೇಬಿಟ್ಟರು. ಅಳತೆ ಚೆನ್ನಾಗಿ ಬಂತು. ಬದನೆಕಾಯಿ ಪಲ್ಯವೂ ಅದರಲ್ಲೇ ಬಂತು.

ಇತ್ತ ಕಾಳವ್ವ ಬಂದು ನೋಡುತ್ತಾಳೆ, ಕಟ್ಟೆಯ ಮೇಲೆ ರಿವಾಲ್ವರ್ ಒಂದೇ! ಕೋಳಿಯೊಂದು ಅದರ ನಳಿಗೆಯೊಳಗೆ ಇಣುಕಿ ನೋಡುತ್ತಿದೆ. ಅಷ್ಟರಲ್ಲಿ ಮಾನಪ್ಪ ಮಣ್ಣಿನ ಅಚ್ಚು ಹಿಡಿದು ಬಂದ.

"ಅಯ್ಯೋ ಹಡಬಿಟ್ಟಿ! ಅದನ್ನ ಒಂದ ಬಿಟ್ಟು ಹೋಗತಾರೇನೋ? ಯಾರರ ಒಯ್ದಿದ್ರ? ಎಲ್ಲಿಗೆ ಹೋದ್ರೂ ಸಂಗಾಟ ಇರಬೇಕು!"

"ಹಂಗಾರ ಹಂಗ ಮಾಡತೀನಿ ಯವ್ವಾ."

ಬೀಟೆಯ ತುಂಡು ಕೊಯ್ದ, ಮಣ್ಣಿನ ಅಚ್ಚು ನೋಡಿ ಕೆತ್ತಿದ. ಹೊಸ ಹಿಡಿ ದಪ್ಪ, ಹಳೆಯ ಸ್ಕ್ರೂ ಗಿಡ್ಡ. ಉದ್ದದ್ದು ಬೇಕು. ಎದ್ದ, ವಾಲಿಶೆಟ್ಟರ ಅಂಗಡಿಗೆ ನಡೆದ. ಸಂಗಾಟ ಇರಬೇಕಲ್ಲ? ಕೈಯಲ್ಲಿ ಹಿಡಿದೇ ನಡೆದ. ಬಜಾರಿನಲ್ಲಿ ಒಂದೊಂದೇ ಬಾಗಿಲು ಮುಚ್ಚಿತು.

"ಶೆಟ್ಟರ, ಸ್ಕ್ರೂ ಕೊಡ್ರಿ."

ಶೆಟ್ಟರ ಎರಡೂ ಕೈ ಮೇಲೆದ್ದವು. "ಗಲ್ಲಾ ಅಲ್ಲೈತಿ ನಮ್ಮಪ್ಪಾ, ತಗೊಂಡು ಹೋಗು!"

"ಗಲ್ಲಾ ಯಾಕ್ರಿ? ಸ್ಕ್ರೂ ಕೊಡ್ರಿ!"

"ಡಬ್ಬೀನೇ ಒಯ್ಯಪ್ಪಾ! ನನಗ ಮೂರು ಮಕ್ಕಳದಾವ!"

ಒಂದು ಸ್ಕ್ರೂಗೆ ಹೋದವನು ಡಬ್ಬಿ ಹೊತ್ತು ಬಂದ. ಶೆಟ್ಟರು ಒಳ್ಳೆಯವರು ಅಂತಲೂ ಹೇಳಿದ. ಆದರೆ ಸುದ್ದಿ ಅವನಿಗಿಂತ ಮುಂಚೆ ಬಂದಿತ್ತು. ಕಾಳವ್ವ ಹಣೆ ಬಡಿದುಕೊಂಡಳು.

"ಪೊಲೀಸರು ಬಂದ್ರ ಯಾರೋ ಗತಿ? ಅದರ ಬಾಯಿ ಮಂದಿ ಕಡಿ ಮಾಡಬಾರದು! ನೆಪ್ಪಿಡು, ಮಂದಿ ಕಡಿ ಮಾಡಬಾರದು! ಮುಚ್ಚಿಡು, ಒಬ್ಬರ ಕಣ್ಣಿಗೂ ಬೀಳಬಾರದು!"

"ಹಂಗಾರ ಹಂಗ ಮಾಡತೀನಿ ಯವ್ವಾ."

ಕಾಳವ್ವ ಬೇಕಾದ ಒಂದು ಸ್ಕ್ರೂ ಉಳಿಸಿಕೊಂಡು ಡಬ್ಬಿ ತಿರುಗಿ ಕೊಟ್ಟು, ಶೆಟ್ಟರ ಕೈಕಾಲು ಹಿಡಿದು ಬಂದಳು. ಮಧ್ಯಾಹ್ನ ಇಳಿದಿತ್ತು. ಒಲೆಗೆ ಕಟ್ಟಿಗೆ ಒಟ್ಟಿ ಕಡ್ಡಿ ಗೀರಿದಳು.

"ಯವ್ವಾ, ಒಲಿ ಹಚ್ಚಬ್ಯಾಡ."

"ಯಾಕೋ?"

"ಹೇಳಂಗಿಲ್ಲ."

"ರೊಟ್ಟಿ ಬ್ಯಾಡೇನು?"

"ರೊಟ್ಟಿ ಬೇಕು. ಒಲಿ ಬ್ಯಾಡ."

ಕಾಳವ್ವ ಸುತ್ತ ನೋಡಿದಳು. ಉಳಿ ಇದೆ, ಬಾಚಿ ಇದೆ, ಅರ ಇದೆ. ಅದಿಲ್ಲ. "ಪಿಸ್ತೂಲು ಎಲ್ಲೈತೋ?"

"ಯಾರ ಕಣ್ಣಿಗೂ ಬೀಳದಲ್ಲಿ."

ಕಡ್ಡಿ ಬೆರಳು ಸುಟ್ಟಿತು. ಕಟ್ಟಿಗೆ ಎಳೆದು ಬಿಸಾಡಿ ಒಲೆಯ ಬೂದಿಗೆ ಕೈ ಹಾಕಿದಳು. ತಣ್ಣನೆಯ ಕಬ್ಬಿಣ ಕೈಗೆ ತಾಗಿತು. ಅಲ್ಲೇ ಕುಕ್ಕರಿಸಿದಳು. ಬೈಗುಳ ಒಮ್ಮೆಲೇ ಬಂತು.

"ನನ್ನ ಮಾತ ನನಗ ಮುಳುವು! ಸಾಕು! ಬಾಯಿ ಮುಚ್ಚಿ ಕೂತು ಕೆಲಸ ಮುಗಸು. ಮುಗಿಯೋತನಕ ಯಾರು ಕೇಳಿದ್ರೂ ಕೈಯಾಗಿಂದ ಕೊಡಬ್ಯಾಡ, ಯಾರ ಮಾತೂ ಕೇಳಬ್ಯಾಡ. ನಾ ಹೇಳಿದ್ರೂ ಕೇಳಬ್ಯಾಡ! ಕಡೀಕ ನಿಮ್ಮಪ್ಪ ಮಾಡತಿದ್ದ ನೋಡು, ಹಂಗ ಗಟ್ಟಿ ಮುಟಗಿ ಹಿಡದು ಆರು ಸಲ ಹಿಸುಕಿ ನೋಡು. ಆರು ಸಲಕ್ಕೂ ಹಿಡಿ ಅಲುಗಲಿಲ್ಲಂದ್ರ ಕೆಲಸ ಮುಗೀತು. ತಿಳೀತೇನು?"

ಮಾನಪ್ಪ ಹೂಂ ಅನ್ನಲೂ ಇಲ್ಲ. ಬಾಯಿ ಮುಚ್ಚು ಅಂದಿದ್ದಳಲ್ಲ.

ಬೂದಿ ಒರೆಸಿದ. ಹಿಡಿ ಕೂರಿಸಿದ. ಅರ ಆಡಿಸಿದ, ಸ್ಕ್ರೂ ತಿರುಗಿಸಿದ, ಎಣ್ಣೆ ಸವರಿದ. ನಿಜ ಹೇಳಬೇಕು: ಕಬ್ಬಿಣದೊಳಗಿಂದ ಕಟ್ಟಿಗೆ ಬೆಳೆದಂತಿತ್ತು. ಉಗುರಲ್ಲ, ಕೂದಲೂ ಹೋಗದು. ಕಾಳವ್ವನ ಮುಖದಲ್ಲಿ ಆ ದಿನ ಮೊದಲ ಸಲ ನಗು ಕಂಡಿತು. ನೀರಿಗೆಂದು ಕೊಡ ಎತ್ತಿ ಹೊಸ್ತಿಲು ದಾಟಿದಳು.

ಒಳಗೆ ಟಿಕ್ ಅಂದಿತು.

ಅಷ್ಟರಲ್ಲಿ ಬೀದಿಯ ತುದಿಯಿಂದ ಹಾರ್ನ್! ಬಂಕಿಗೆ ಲೋಡು ತಂದ ಟ್ಯಾಂಕರ್ ಲಾರಿ ಧೂಳೆಬ್ಬಿಸಿ ಬಂದು ಬಾಗಿಲ ಮುಂದೆಯೇ ನಿಂತಿತು. ಗೌಡರು ಧುಮುಕಿದರು, ಕಾಲಲ್ಲಿ ಚಪ್ಪಲಿ ಇಲ್ಲ.

"ಯವ್ವಾ! ಐದ ಅದಾವ! ಕಿಸೇದಾಗ ಐದ ಗುಂಡು ಅದಾವ! ಆರನೇದು ಒಳಗ ಉಳದೈತಿ! ಗಾಡಿ ಸಿಗಲಿಲ್ಲ, ಇದನ್ನ ಹತ್ತಿ ಬಂದೆ!"

ಟಿಕ್.

ಕೊಡ ಬಿತ್ತು. ಇಬ್ಬರೂ ಒಳಗೆ ನುಗ್ಗಿದರು. ಮಾನಪ್ಪ ಬಾಗಿಲಿಗೆ ಎದುರಾಗಿ ಕೂತಿದ್ದ. ಟ್ರಿಗರ್ ಮೇಲಿನದನ್ನೂ ಬಿಡದೆ ಐದು ಬೆರಳೂ ಸೇರಿಸಿ ಗಟ್ಟಿಯಾಗಿ ಹಿಸುಕಿದ. ಟಿಕ್.

"ಕೆಳಗಿಡೋ! ಏ ಮಾನಪ್ಪಾ, ಕೊಡೋ ಇಲ್ಲಿ!"

ಮಾನಪ್ಪ ತಲೆ ಅಲ್ಲಾಡಿಸಿದ. ಟಿಕ್. ಆಗ ನೋಡಿದ, ಅದರ ಬಾಯಿ ಗೌಡರ ಕಡೆಗಿದೆ. ಅಬ್ಬಾ, ಮಂದಿ ಕಡೆ ಮಾಡಬಾರದಲ್ಲ! ಈಚೆಗೆ ತಿರುಗಿಸಿದ. ಈಚೆಗೆ ಅವ್ವ. ಎಡಕ್ಕೆ ಗೌಡರು, ಬಲಕ್ಕೆ ಅವ್ವ, ನಡುವೆ ತೆರೆದ ಬಾಗಿಲು. ಬಾಗಿಲಾಚೆ ಮಂದಿ ಯಾರೂ ಇಲ್ಲ. ಡ್ರೈವರ್ ಆಗಲೇ ಓಡಿದ್ದ. ಟ್ಯಾಂಕರ್ ಒಂದೇ, ತುಂಬಿದ್ದು. ಮಾನಪ್ಪ ಸಮಾಧಾನದಿಂದ ಅದರ ಹೊಟ್ಟೆಗೆ ಗುರಿ ಮಾಡಿ ಹಿಸುಕಿದ.

ಟಿಕ್.

ಐದು. ಹಿಡಿ ಎಳ್ಳಷ್ಟೂ ಅಲುಗಿರಲಿಲ್ಲ. ಅವ್ವನ ಕಡೆ ನೋಡಿ ಹುಬ್ಬು ಹಾರಿಸಿದ, ಇನ್ನೊಂದೇ ಅಂತ. ಗೌಡರು ನೆಲಕ್ಕೆ ಕವುಚಿ ಮಲಗಿದರು.

ಕಾಳವ್ವ ಒಂದು ಹೆಜ್ಜೆ ಇಟ್ಟಳು.

"ಮಗನ, ಅವ್ವ ಒಂದು ಮಾತು ಮರತಿದ್ದೆ. ನಿಮ್ಮಪ್ಪ ಆರಲ್ಲೋ, ಐದ ಸಲ ಹಿಸುಕತಿದ್ದ. ಮುಗೀತು ಕೆಲಸ, ಭಾಳ ಚಂದ ಆಗೈತಿ. ಕೊಡಪ್ಪಾ, ನನ್ನ ರಾಜಾ, ಮೆಲ್ಲಕ ಅವ್ವನ ಕೈಯಾಗ ಕೊಡು."