ಬೋರಲಿಂಗನಿಗೆ ಉತ್ತರ ಬಂತು

ಒಂದು ಪೇಟೆ. ಪೇಟೇಲೊಬ್ಬಳು ಚಿಕ್ಕತಾಯಮ್ಮ. ಅವಳಿಗೊಬ್ಬನೇ ಮಗ, ಬೋರಲಿಂಗ. ಏನು ಹೇಳಿದರೆ ಅದನ್ನೇ ಮಾಡುವವನು, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಮ್ಮಿಯಿಲ್ಲ. ಅವ್ವ ಹಣೆ ಹಣೆ ಚಚ್ಚಿಕೊಳ್ಳುತ್ತಿದ್ದಳು.

"ಒಂದು ಕೆಲಸದಾಗಾದ್ರೂ ನಿಂತ್ಕೊಳ್ಲಾ! ಕೆಲಸ ಇದ್ರೇನೇ ಹೆಣ್ಣು ಕೊಡೋದು ಅಂದವ್ರೆ ಹಲಗೂರಿನ ನಂಜೇಗೌಡ್ರು!"

ಪೇಟೆಗೆಲ್ಲ ಇಂಟರ್‌ನೆಟ್ ಎಳೆದಿದ್ದ ಶಿವಮಾದಪ್ಪ ಇವನನ್ನು ಸೇರಿಸಿಕೊಂಡ. ಲೈನ್ ನೋಡಿಕೊಳ್ಳೋಕೆ ಪುಟ್ಟ ಪುಟ್ಟ ಪ್ರೋಗ್ರಾಂ ಬರೆಯುವ ಕೆಲಸ. ಕಂಪ್ಯೂಟರೂ ಬರೆದದ್ದನ್ನೇ ಮಾಡುತ್ತೆ, ಇವನೂ ಹೇಳಿದ್ದನ್ನೇ ಮಾಡ್ತಾನೆ. ಇಂಥ ಜೋಡಿ ಬೇರೆಲ್ಲಿ ಸಿಗಬೇಕು ಹೇಳಿ!

"ಪ್ರತಿ ಗಿರಾಕಿಯ ಇಂಟರ್‌ನೆಟ್ ಮಿಷನ್ನಿಗೂ 'ಇದ್ದೀಯಾ?' ಅಂತ ಕೇಳೋ ಪ್ರೋಗ್ರಾಂ ಬರಿ. ಉತ್ತರ ಬರ್ಲಿಲ್ಲ ಅಂದ್ರೆ ಲೈನ್ ಕಿತ್ತಾಕು" ಅಂದ ಸಾಹುಕಾರ.

ಬರೆದ. ರೈಸ್‌ಮಿಲ್ಲಿನ ಮಿಷನ್ನಿಗೆ ಒಂದೇ ಒಂದು ಸಲ ಕೇಳಿತು. ಆಗಷ್ಟೇ ಕರೆಂಟ್ ಹೋಗಿ ಬಂದಿತ್ತು, ಉತ್ತರವಿಲ್ಲ. ಲೈನ್ ಕಿತ್ತೇ ಹೋಯಿತು!

"ಅಯ್ಯೋ ಪೆದ್ದೇ! ಒಂದ್ಸಲ ಕೇಳಿ ಬಿಟ್ಬಿಡೋದಾ? ಉತ್ತರ ಬರೋಗಂಟ ಕೇಳ್ತಾನೇ ಇರ್ಬೇಕು!"

"ಆಯ್ತು ಸಾಹುಕಾರ್ರೇ!"

ಮಾರನೇ ದಿನ ಕಲ್ಯಾಣಮಂಟಪದ ಮಿಷನ್ನು ಆಫ್ ಆಗಿತ್ತು. ಪ್ರೋಗ್ರಾಂ ಕೇಳಿತು. ಇದ್ದೀಯಾ? ಇದ್ದೀಯಾ? ಇದ್ದೀಯಾ? ಕಣ್ಣು ಮಿಟುಕಿಸುವಷ್ಟರಲ್ಲಿ ಸಾವಿರ ಸಲ. ಆ ಒಂದು ಪ್ರಶ್ನೆಯಿಂದಲೇ ಲೈನೆಲ್ಲ ತುಂಬಿಹೋಗಿ, ಇಡೀ ಪೇಟೆಗೆ ಇಂಟರ್‌ನೆಟ್ಟೇ ಇಲ್ಲ!

"ಅಯ್ಯೋ ನನ್ ಗ್ರಾಚಾರವೇ! ಒಂದ್ಸಲ ಕೇಳಿದ್ಮೇಲೆ ಸುಮ್ಕೆ ಕಾಯ್ಬೇಕು ಕಣ್ಲಾ!"

"ಆಯ್ತು ಸಾಹುಕಾರ್ರೇ!"

ಸರಿ, ಕಾಯುವ ಹಾಗೆ ಬರೆದ. ಮೊದಲನೇ ಮಿಷನ್ನೇ ಕೆಟ್ಟು ಕೂತಿತ್ತು. ಪ್ರೋಗ್ರಾಂ ಕೇಳಿತು, ಕಾಯಿತು. ಮಧ್ಯಾಹ್ನವಾಯಿತು, ಕಾಯಿತು. ಸಂಜೆಯಾಯಿತು, ಇನ್ನೂ ಕಾಯುತ್ತಲೇ ಇತ್ತು. ಬೋರಲಿಂಗನೂ ಅದರ ಪಕ್ಕ ಊಟ ಬಿಟ್ಟು ಕಾಯುತ್ತಿದ್ದ, ಪಾಪ. ಮಿಕ್ಕ ಮಿಷನ್ನುಗಳ ಗತಿ ಕೇಳೋರೇ ಇಲ್ಲ!

ಶಿವಮಾದಪ್ಪ ನೇರ ಚಿಕ್ಕತಾಯಮ್ಮನ ಮನೆಗೇ ಬಂದ. "ಇನ್ನೊಂದು ಸಲ ಹಿಂಗಾದ್ರೆ ಮಗನ್ನ ಮನೇಲೇ ಇಟ್ಕೊ ತಾಯಿ!"

ಅವ್ವ ಬೋರಲಿಂಗನನ್ನು ಎಳೆದು ಕೂರಿಸಿದಳು. ಮಗನ ಕಿವಿ ಹಿಂಡಿದಳು.

"ನೆಟ್ಟಗೆ ಕೇಳಿಸ್ಕೊ! ಮೂರು ಸಲ ಕೇಳು. ಸಲಕ್ಕೊಂದೊಂದು ಗಳಿಗೆ ಕಾಯಿ. ಆಗ್ಲೂ ಉತ್ತರ ಇಲ್ವಾ, ಬಿಟ್ಬಿಟ್ಟು ಪಕ್ಕದ್ದಕ್ಕೆ ಹೋಗು!"

ಹಾಗೇ ಬರೆದ. ಏನು ಹೇಳಲಿ, ಎಲ್ಲ ಸರಿಹೋಯಿತು! ಶಿವಮಾದಪ್ಪ ಬೆನ್ನು ತಟ್ಟಿದ. ಕೆಲಸ ಖಾಯಂ ಆಯಿತು. ಚಿಕ್ಕತಾಯಮ್ಮ ಹೊಸ ಸೀರೆ ಉಟ್ಟು, ಮಗನನ್ನು ಕರಕೊಂಡು ಹೆಣ್ಣು ನೋಡಲು ಹಲಗೂರಿಗೆ ಹೊರಟಳು.

ಹುಡುಗಿ ಸುಶೀಲ ಲಕ್ಷಣವಾಗಿದ್ದಳು. ಕಾಫಿ ಕೊಟ್ಟು ತಲೆ ತಗ್ಗಿಸಿ ಕೂತಳು. ಅವಳಿಗೂ ಹುಡುಗ ಹಿಡಿಸಿದ್ದ.

"ಅದೇನ್ ಕೇಳ್ಬೇಕೋ ಕೇಳಪ್ಪ, ಸಂಕೋಚ ಬ್ಯಾಡ" ಅಂದರು ನಂಜೇಗೌಡರು.

"ನನ್ನ ಮದ್ವೆ ಆಗ್ತೀಯಾ?" ಅಂದ ಬೋರಲಿಂಗ.

ಸುಶೀಲ ನಾಚಿಕೊಂಡಳು. ಅಷ್ಟು ಜನರೆದುರು ಯಾವ ಹುಡುಗಿ ತಾನೇ ಬಾಯಿ ಬಿಟ್ಟಾಳು? ಬೋರಲಿಂಗ ಒಂದು ಗಳಿಗೆ ಕಾದ.

"ನನ್ನ ಮದ್ವೆ ಆಗ್ತೀಯಾ?"

ಸೆರಗು ಬಾಯಿಗೆ ಹಿಡಿದು ನಕ್ಕಳು. ಮಾತಿಲ್ಲ. ಕಾದ.

"ನನ್ನ ಮದ್ವೆ ಆಗ್ತೀಯಾ?"

ಕಾಲಬೆರಳಲ್ಲಿ ನೆಲ ಕೆರೆದಳು. ಮಾತಿಲ್ಲ. ಕಾದ. ಎದ್ದ. ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟ!

"ಲೋ, ಎಲ್ಲಿಗ್ಲಾ?" ಅವ್ವ ಕಿರುಚುತ್ತಾ ಹಿಂದೆ ಓಡಿದಳು.

ಅಷ್ಟರಲ್ಲಿ ಬೋರಲಿಂಗ ಪಕ್ಕದ ಮನೆ ಜಗಲಿ ಮುಂದೆ ನಿಂತಿದ್ದ. ಅಲ್ಲಿ ಎಂಬತ್ತರ ಮುದುಕಿ ನಿಂಗಜ್ಜಿ ಎಲೆ ಅಡಿಕೆ ಕುಟ್ಟುತ್ತಾ ಕೂತಿದ್ದಳು.

"ನನ್ನ ಮದ್ವೆ ಆಗ್ತೀಯಾ?"

ನಿಂಗಜ್ಜಿ ಕುಟ್ಟಾಣಿ ಪಕ್ಕಕ್ಕಿಟ್ಟು ಇವನನ್ನು ಮೇಲಿಂದ ಕೆಳಗೆ ನೋಡಿದಳು. ಬೊಚ್ಚು ಬಾಯಿ ತುಂಬ ನಕ್ಕಳು.

"ಊಂ ಕಣಪ್ಪ, ಆಯ್ತೀನಿ!"

ಬೋರಲಿಂಗ ಬೀದಿಗೆಲ್ಲ ಕೇಳುವ ಹಾಗೆ ಕೂಗಿದ: "ಅವ್ವಾ, ಉತ್ತರ ಬಂತು! ತಾಂಬೂಲ ಇಲ್ಲಿಗೇ ತತ್ತಾ!"